ಒದ್ದೆ ಕಾಲುಚೀಲ

"ಅಜ್ಜೀ, ಬೇಡಜ್ಜಿ! ಎಲ್ರೂ ನೋಡ್ತಿದಾರೆ!"

ಹಿಲ್ಲಾ ಪಿಸುಗುಟ್ಟಿದಳು. ಅಜ್ಜಿ ರೈಲಿ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಕೈಯಲ್ಲಿ ಹಿಡಿದಿದ್ದ ಬೂಟುಗಳನ್ನು ಬಚ್ಚಲ ಬಾಗಿಲ ಹೊರಗೆ ಗೋಡೆಗೆ ತಾಗಿಸಿ ಇಟ್ಟಳು. ಯಾರದೋ ಮನೆಯ ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕೂತು, ಲೋಟದ ನೀರನ್ನು ನೆಲಕ್ಕೆ ಸುರಿದೇಬಿಟ್ಟಳು.

ಅಲ್ಲೇ ನಿಂತಿದ್ದ ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಆದರೆ ತುಟಿ ಬಿಚ್ಚಲಿಲ್ಲ. ಅವರ ಊರು ತಾಂಪೆರೆಯಲ್ಲಿ ಭಾನುವಾರ ಮಾರಾಟದ ಮನೆ ನೋಡಲು ಬಂದವರು ಮಾತಾಡುವುದೇ ಇಲ್ಲ. ಬಾಗಿಲಲ್ಲೇ ಬೂಟು ಕಳಚಿ, ಕಾಲುಚೀಲದಲ್ಲಿ ಬೆಕ್ಕಿನ ಹಾಗೆ ಓಡಾಡಿ, ಬೀರು ತೆಗೆದು ಮುಚ್ಚಿ, "ಹ್ಞೂಂ" ಅಂದು ಹೊರಟುಹೋಗುತ್ತಾರೆ. ಬಾಯಿ ಇರುವುದು ಹಿಲ್ಲಾಳ ಅಜ್ಜಿಗೊಬ್ಬಳಿಗೇ.

"ನೀರು ಯಾವ ಕಡೆ ಹೋಗ್ತಿದೆ ನೋಡೇ," ಅಂದಳು ಅಜ್ಜಿ, ಎಲ್ಲರಿಗೂ ಕೇಳುವ ಹಾಗೆ.

"ಜಾಲರಿ ಕಡೆಗೆ."

"ಹಾಂ! ಇಳಿಜಾರು ಸರಿಯಾಗಿದೆ. ಹೋದ ವಾರದ ಮನೇಲಿ?"

"ಬಾಗಿಲ ಕಡೆಗೆ ಬಂತು," ಹಿಲ್ಲಾ ನಿಟ್ಟುಸಿರು ಬಿಟ್ಟಳು. ಆ ಮನೆಯ ಅಡುಗೆಮನೆಯನ್ನು ನೋಡುವುದಕ್ಕೂ ಅಜ್ಜಿ ಬಿಟ್ಟಿರಲಿಲ್ಲ. ನೇರ ಬೂಟು ಹಾಕಿಸಿ ಹೊರಡಿಸಿದ್ದಳು.

ರೈಲಿ ಅಜ್ಜಿ ಕಟ್ಟಡದ ಎಂಜಿನಿಯರ್ ಆಗಿದ್ದವಳು. ಈಗ ರಿಟೈರ್ ಆಗಿದ್ದಾಳೆ. ಆದರೆ ಆ ಸುದ್ದಿ ಅವಳ ಕಣ್ಣಿಗೆ ಇನ್ನೂ ತಲುಪಿಲ್ಲ. ಎದ್ದವಳೇ ಟಾಯ್ಲೆಟ್ ಪೇಪರಿನ ಚೂರು ಹರಿದು, ತುದಿಗಾಲಲ್ಲಿ ನಿಂತು, ಮೇಲೆ ಗಾಳಿ ಹೋಗುವ ಕಿಂಡಿಗೆ ಹಿಡಿದಳು. ಕೈ ಬಿಟ್ಟಳು. ಪೇಪರು ಕೆಳಗೆ ಬೀಳದೆ ಅಲ್ಲೇ ಅಂಟಿಕೊಂಡು ನಿಂತಿತು.

"ಒಳಗಿನ ಗಾಳೀನ ಎಳ್ಕೊಳ್ತಿದೆ. ಉಸಿರಾಡೋ ಮನೆ ಇದು," ಅಂದಳು. ಆಮೇಲೆ ಗೋಡೆಯ ಟೈಲುಗಳನ್ನು ಬೆರಳ ಗಂಟಿನಿಂದ ಟಕ್ ಟಕ್ ಎಂದು ತಟ್ಟುತ್ತಾ ಹೋದಳು. "ಡಬ್ ಅಂದ್ರೆ ಹಿಂದೆ ಪೊಳ್ಳು. ಇವೆಲ್ಲ ಟಕ್ ಅಂತಿವೆ."

ಮನೆ ತೋರಿಸುತ್ತಿದ್ದ ಏಜೆಂಟ್ ಪೆತ್ರಿ ನಗುತ್ತಾ ಬಂದ. "ಗೋಡೆ ಒಡೆದೂ ನೋಡ್ತೀರಾ ಮೇಡಂ?"

"ಸುತ್ತಿಗೆ ಕೊಟ್ರೆ ನೋಡ್ತೀನಪ್ಪ. ಬಿಲ್ಡಿಂಗಿನ ಪೈಪೆಲ್ಲ ಯಾವಾಗ ಬದಲಾಯ್ಸಿದ್ದು?"

"ಮೂರು ವರ್ಷ ಆಯ್ತು. ಎಲ್ಲಾ ಹೊಸದು."

ಅಜ್ಜಿ ಅಮ್ಮನ ಕಡೆ ತಿರುಗಿದಳು. "ಸಾತು, ಇದು ಆಗ್ಬಹುದು ಕಣೇ."

ಅಮ್ಮನ ಕಣ್ಣು ಅರಳಿತು. ಅಮ್ಮ ಸೈಕಲ್ ಕೊಳ್ಳುವುದಕ್ಕೇ ಚಳಿಗಾಲವಿಡೀ ಯೋಚಿಸಿದವಳು. ಈಗ ಮೊದಲ ಸಲ ಮನೆ ಕೊಳ್ಳಬೇಕಾಗಿದೆ. ಅವರಿದ್ದ ಬಾಡಿಗೆ ಮನೆಯಲ್ಲಿ ಮಲಗುವ ಕೋಣೆಯ ಗೋಡೆಯೊಳಗೆ ಯಾರಿಗೂ ಗೊತ್ತಿಲ್ಲದೆ ನೀರು ಸೋರಿ, ಹಿಂದೆಲ್ಲ ಬೂಷ್ಟು ಹಿಡಿದಿತ್ತು. ಶುರುವಾದದ್ದು ನೆಲದ ಹತ್ತಿರ ಬಿಸ್ಕತ್ತಿನಷ್ಟು ಅಗಲದ ಒಂದು ಒದ್ದೆ ಕಲೆಯಿಂದ. ನಾಲ್ಕು ವರ್ಷದ ತಮ್ಮ ಓಹ್ತೊ ಚಳಿಗಾಲ ಪೂರ್ತಿ ಕೆಮ್ಮಿದ. ಮನೆ ಬಿಡಿ ಎಂದು ಡಾಕ್ಟರ್ ಹೇಳಿಬಿಟ್ಟರು.

ಹಿಲ್ಲಾಳಿಗೆ ಈ ಮನೆ ಬೇಕೇ ಬೇಕಿತ್ತು. ಗೆಳತಿ ಪಿಹ್ಲಾಳ ಮನೆ ಇದೇ ಅಂಗಳದ ಆಚೆ ಬದಿಗಿತ್ತು. ಶಾಲೆಗೆ ನಡೆದೇ ಹೋಗಬಹುದಿತ್ತು. ಇದೂ ತಪ್ಪಿದರೆ ಅಮ್ಮ ಬೇರೆ ಊರಿಗೇ ಹೋಗೋಣ ಎನ್ನುತ್ತಿದ್ದಳು. ಆಗ ಶಾಲೆ, ಪಿಹ್ಲಾ, ಹಾಕಿ ಟೀಮು ಎಲ್ಲಕ್ಕೂ ಟಾಟಾ.

ಅಮ್ಮ, ಅಜ್ಜಿ, ಓಹ್ತೊ ಆಗಲೇ ಹೊರಬಾಗಿಲ ಹತ್ತಿರ ಬೂಟು ಹಾಕಿಕೊಳ್ಳುತ್ತಿದ್ದರು. ಹಿಲ್ಲಾ ಖುಷಿಯಲ್ಲಿ ಕುಣಿಯುತ್ತಾ ಬಚ್ಚಲ ಬಾಗಿಲು ದಾಟಿದಳು.

ಪಚಕ್.

ಉಣ್ಣೆಯ ಕಾಲುಚೀಲ ಒದ್ದೆಯಾಯಿತು. ತಣ್ಣಗೆ ಬೆರಳುಗಳ ತನಕ ಇಳಿಯಿತು. ಬಚ್ಚಲ ಗೋಡೆಯ ಬುಡದಲ್ಲಿ, ಹೊರಗಡೆಗೆ, ಸಣ್ಣದಾಗಿ ನೀರು ನಿಂತಿತ್ತು.

ಹಿಲ್ಲಾ ಬಗ್ಗಿ ನೋಡಿದಳು. ಸೋರುತ್ತಿದೆ! ಇಲ್ಲೂ ಗೋಡೆ ಸೋರುತ್ತಿದೆ!

"ಅಜ್ಜೀ" ಎಂದು ಕೂಗಲು ಬಾಯಿ ತೆರೆದಳು. ಹಾಗೇ ಮುಚ್ಚಿಕೊಂಡಳು. ಹೇಳಿದರೆ ಈ ಮನೆಯೂ ಹೋಯಿತು. ಅತ್ತಿತ್ತ ನೋಡಿ, ಪಕ್ಕದಲ್ಲಿದ್ದ ಚಿಂದಿ ಬಟ್ಟೆಯ ಚಾಪೆಯನ್ನು ಕಾಲಿನಿಂದ ಮೆಲ್ಲಗೆ ಆ ನೀರಿನ ಮೇಲೆ ತಳ್ಳಿದಳು. ಕಾಲುಚೀಲ ಕಳಚಿ ಜಾಕೆಟಿನ ಜೇಬಿಗೆ ತುರುಕಿದಳು.

"ಒಂದೇ ಕಾಲುಚೀಲ ಯಾಕೆ?" ಓಹ್ತೊ ಕೇಳಿದ.

"ಸುಮ್ನಿರೋ," ಎಂದಳು ಹಿಲ್ಲಾ.

ಸಂಜೆ ಬಾಡಿಗೆ ಮನೆಯಲ್ಲಿ ಅಮ್ಮ ಹಾಡು ಗುನುಗುತ್ತಾ ಮೀನಿನ ಸೂಪು ಬಡಿಸಿದಳು. ಎಷ್ಟೋ ತಿಂಗಳಾಗಿತ್ತು ಅಮ್ಮ ಗುನುಗಿ. ಹಿಲ್ಲಾ ಚಮಚದಿಂದ ಸೂಪನ್ನು ಕಲಕುತ್ತಲೇ ಕೂತಳು.

ಓಹ್ತೊ ಮೇಜಿನ ಕೆಳಗೆ ಕಾರು ಓಡಿಸುತ್ತಿದ್ದ. ಮಧ್ಯೆ ನಿಲ್ಲಿಸಿ ಕೆಮ್ಮಿದ. ಮತ್ತೆ ಕೆಮ್ಮಿದ. ಮುಖ ಕೆಂಪಾಗಿ ಮೇಲೆ ಬಂದು ಹಿಲ್ಲಾಳಿಗೆ ಒರಗಿಕೊಂಡ.

"ಅಕ್ಕಾ, ಕೆಮ್ಮು ಹೊಸ ಮನೆಗೆ ಬರಲ್ವಂತೆ. ಇಲ್ಲೇ ಬಿಟ್ಟು ಹೋಗೋಣ ಅಂತ ಅಜ್ಜಿ ಹೇಳಿದ್ಲು."

ಅಮ್ಮ ಫೋನು ಕೈಗೆತ್ತಿಕೊಂಡಳು. "ಪೆತ್ರಿಗೆ ಈಗಲೇ ಹೇಳ್ಬಿಡ್ತೀನಿ, ಮನೆ ನಮ್ಗೆ ಬೇಕು ಅಂತ."

"ಬೇಡಮ್ಮಾ!" ಹಿಲ್ಲಾ ಕಿರುಚಿದಳು. "ಫೋನ್ ಮಾಡ್ಬೇಡ!"

ಎಲ್ಲರೂ ಅವಳನ್ನೇ ನೋಡಿದರು. ಹಿಲ್ಲಾ ಓಡಿಹೋಗಿ ಜೇಬಿನಿಂದ ಕಾಲುಚೀಲ ತಂದು ಮೇಜಿನ ಮೇಲೆ ಇಟ್ಟಳು. ಅದಿನ್ನೂ ಒದ್ದೆಯಾಗಿತ್ತು.

"ಬಚ್ಚಲ ಗೋಡೆ ಹತ್ರ ನೀರಿತ್ತು. ಆ ಮನೇನೂ ಸೋರುತ್ತೆ. ನಾನು... ನಾನು ಚಾಪೆ ಮುಚ್ಚಿ ಬಂದೆ," ಎಂದಳು. ಅಳು ಒತ್ತರಿಸಿಕೊಂಡು ಬಂತು. ಅಮ್ಮನ ಮುಖ ಬಾಡಿತು. ಯಾರೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಎನಿಸಿತು ಹಿಲ್ಲಾಳಿಗೆ.

ಅಜ್ಜಿ ಕನ್ನಡಕ ಏರಿಸಿ ಕಾಲುಚೀಲವನ್ನು ತಿರುಗಿಸಿ ನೋಡಿದಳು. ಮೂಸಿದಳು. ಅಡಿಯಿಂದ ಉಗುರಲ್ಲಿ ಏನನ್ನೋ ಕೆರೆದು ತೆಗೆದು ಹಿಲ್ಲಾಳ ಅಂಗೈಗೆ ಹಾಕಿದಳು.

"ಇದೇನು ಹೇಳು."

ಬೂದು ಬಣ್ಣದ ಪುಟ್ಟ ಕಲ್ಲುಗಳು. "ಜಲ್ಲಿ. ಜಾರ್ದೇ ಇರ್ಲಿ ಅಂತ ಚಳಿಗಾಲದಲ್ಲಿ ರಸ್ತೆಗೆ ಹಾಕ್ತಾರಲ್ಲ, ಅದು."

"ಗೋಡೆಯೊಳಗಿನ ಪೈಪಿಂದ ರಸ್ತೆ ಜಲ್ಲಿ ಬರುತ್ತೇನೇ?"

"ಇಲ್ಲ..."

"ಮತ್ತೆ ಎಲ್ಲಿಂದ ಬಂತು?"

ಹಿಲ್ಲಾ ಕಣ್ಣೊರೆಸಿಕೊಂಡು ಯೋಚಿಸಿದಳು. ಮೆಲ್ಲಗೆ ಬಾಗಿಲ ಕಡೆ ತಿರುಗಿದಳು. ಅಲ್ಲಿ ಅಜ್ಜಿಯ ಬೂಟುಗಳಿದ್ದವು. ಅಡಿಯ ಹಿಮ ಕರಗಿ ಸುತ್ತ ನೀರು ನಿಂತಿತ್ತು. ನೀರಿನಲ್ಲಿ ಬೂದು ಜಲ್ಲಿ.

"ಅಜ್ಜಿ... ಆ ಮನೇಲಿ ನೀನು ಬೂಟು ಎಲ್ಲಿಟ್ಟಿದ್ದೆ?"

ಅಜ್ಜಿ ಹಣೆ ಚಚ್ಚಿಕೊಂಡಳು. ಹಿಂದೊಂದು ಸಲ ಯಾರೋ ಅವಳ ಬೂಟು ಹಾಕಿಕೊಂಡು ಹೋಗಿದ್ದರು. ಅಂದಿನಿಂದ ಮನೆ ನೋಡಲು ಹೋದಲ್ಲೆಲ್ಲ ಅಜ್ಜಿ ಬೂಟನ್ನು ಕೈಯಲ್ಲೇ ಹಿಡಿದು ಓಡಾಡುತ್ತಿದ್ದಳು.

"ಅಯ್ಯೋ ನನ್ನ ಬುದ್ಧಿಗಿಷ್ಟು! ಊರವರ ಸೋರಿಕೆಯೆಲ್ಲ ಹುಡುಕಿದೆ. ಇವತ್ತಿನ ಸೋರಿಕೆ ನಾನೇ!"

ಅಮ್ಮ ಮೊದಲು ನಕ್ಕಳು. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು. ಹಿಲ್ಲಾಳ ಎದೆಯ ಮೇಲಿಂದ ಯಾರೋ ಕಲ್ಲು ಇಳಿಸಿದ ಹಾಗಾಯಿತು.

"ಅಜ್ಜಿ ಸೋರ್ತಾಳೆ!" ಎಂದು ಓಹ್ತೊ ಕುಣಿದ.

"ನಕ್ಕಿದ್ದು ಸಾಕು," ಎಂದಳು ಅಜ್ಜಿ. "ಊಹೆ ನಂಬಿ ಮನೆ ಕೊಳ್ಳೋಕಾಗಲ್ಲ. ನಾಳೆ ಮೀಟರ್ ತಗೊಂಡು ಹೋಗೋಣ. ಹಿಲ್ಲಾ, ನೀನೂ ಬಾ."

ಮರುದಿನ ಪೆತ್ರಿ ಬಾಗಿಲು ತೆರೆದಾಗ ಚಾಪೆಯನ್ನು ಹಿಲ್ಲಾಳೇ ಎತ್ತಿದಳು. ಅಡಿಯಲ್ಲಿ ನೆಲ ಒಣಗಿತ್ತು. ನಾಲ್ಕಾರು ಜಲ್ಲಿ ಚೂರು ಮಾತ್ರ ಉಳಿದಿದ್ದವು. ಗೋಡೆಯೊಳಗಿನ ತೇವ ಹೇಳುವ ಮೀಟರನ್ನು ಅಜ್ಜಿ ಅವಳ ಕೈಗೇ ಕೊಟ್ಟಳು. ಹಿಲ್ಲಾ ಗೋಡೆಯ ಬುಡದಲ್ಲಿ ಒತ್ತಿ ಹಿಡಿದಳು. ಹಸಿರು ದೀಪ ಹತ್ತಿತು. ಇನ್ನೊಂದು ಕಡೆ ಒತ್ತಿದಳು. ಹಸಿರು. ಸಾಕು ಎಂದು ಅಜ್ಜಿ ಹೇಳಿದರೂ ಬಿಡದೆ ಗೋಡೆಯ ಉದ್ದಕ್ಕೂ ಮಂಡಿಯೂರಿ ಹೋದಳು.

"ಒಣಗಿದೆಯಮ್ಮಾ," ಎಂದಳು ಕೊನೆಗೆ. ಅಮ್ಮ ಅವಳ ತಲೆ ನೇವರಿಸಿ, ಪೆತ್ರಿಯ ಕೈ ಕುಲುಕಿದಳು.

ಮೇ ತಿಂಗಳಲ್ಲಿ ರಸ್ತೆಯ ಜಲ್ಲಿಯನ್ನೆಲ್ಲ ಗುಡಿಸಿಯಾಗಿತ್ತು. ಹಿಲ್ಲಾ ಹೊಸ ಮನೆಗೆ ಬಂದು ಕೆಲವು ವಾರ ಕಳೆದಿದ್ದವು. ಪಿಹ್ಲಾ ಆಡಲು ಕರೆಯಲು ಬಂದಾಗ, ಹಿಲ್ಲಾ ಬಚ್ಚಲಲ್ಲಿ ಓಹ್ತೊನನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಂತಿದ್ದಳು. ಓಹ್ತೊ ಪೇಪರು ಚೂರನ್ನು ಗಾಳಿಕಿಂಡಿಗೆ ಹಿಡಿದಿದ್ದ.

"ಏನ್ ಮಾಡ್ತಿದೀರೇ ನೀವು?" ಪಿಹ್ಲಾ ಕಿಸಕ್ಕನೆ ನಕ್ಕಳು.

"ಮನೆ ಉಸಿರಾಡ್ತಿದ್ಯಾ ಅಂತ ನೋಡ್ತಿದೀವಿ," ಎಂದಳು ಹಿಲ್ಲಾ. ಅವಳಿಗೇನೂ ನಾಚಿಕೆಯಾಗಲಿಲ್ಲ.

ಓಹ್ತೊ ಕೈ ಬಿಟ್ಟ. ಪೇಪರು ಬೀಳಲಿಲ್ಲ.

"ಅಕ್ಕಾ ನೋಡು ನಾನು ಬಿಟ್ರೂ ಬೀಳ್ತಿಲ್ಲ ಒಳಗೆ ಯಾರು ಹಿಡ್ಕೊಂಡಿರೋದು ಇನ್ನೊಂದು ಅಂಟಿಸ್ಲಾ ದೊಡ್ಡದು ಅಂಟಿಸ್ಲಾ?"

ಹಿಲ್ಲಾ ಕಿವಿಗೊಟ್ಟು ನಿಂತಳು. ಅಷ್ಟು ಉದ್ದದ ಮಾತನ್ನು ಅವನು ಒಂದೇ ಉಸಿರಿಗೆ ಹೇಳಿ ಮುಗಿಸಿದ್ದ. ನಡುವೆ ಒಮ್ಮೆಯೂ ಕೆಮ್ಮಿರಲಿಲ್ಲ.

"ಅಂಟಿಸು," ಎಂದಳು. ಇನ್ನೊಂದು ಪೇಪರು ಹರಿದು ಅವನ ಕೈಗೆ ಕೊಟ್ಟಳು.