ಕಾಲಿಗೆ ನೀರುಂಡೋ

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಗಡಿಯಾಚೆಯ ಮಲಯಾಳ ಸೀಮೆಯಲ್ಲಿ, ನೂಲ್ಪುಳದ ಕಾಡಂಚಿನ ಹಾಡಿಯ ಮಾತಿ ಠಾಣೆಗೆ ಬಂದಳು. ಅವಳ ಆರು ವರ್ಷದ ಮಗಳು ಗೀತು ಹಿಂದಿನ ದಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಸತ್ತಿದ್ದಳು. ನ್ಯುಮೋನಿಯಾ ಇಳಿದಿತ್ತು, ನಾಳೆ ಮನೆಗೆ ಕಳಿಸುತ್ತೇವೆ ಎಂದಿದ್ದರಂತೆ.

"ನನ್ನ ಕೂಸಿಗೆ ಏನೋ ಮಾಡ್ಬುಟ್ಟವ್ರೆ, ಸಾರೇ."

ದೂರು ಅಷ್ಟೇ. ಇನ್‌ಸ್ಪೆಕ್ಟರ್ ಅಜೀಶ್ ಎಫ್‌ಐಆರ್ ದಾಖಲಿಸಿ, ಶವ ಪಂಚನಾಮೆ ಮುಗಿಸಿ, ಮರಣೋತ್ತರ ಪರೀಕ್ಷೆಗೆ ಕಳಿಸಿದರು.

ಬುಧವಾರ ವರದಿ ಬಂತು. ಔಷಧ ಹರಿಸಲು ಬಲತೊಡೆಯ ರಕ್ತನಾಳಕ್ಕೆ ಹಾಕಿದ್ದ ನಳಿಗೆಯ ಸುತ್ತ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಿತ್ತು. ಹೀಗಾದಾಗ ಸಾಮಾನ್ಯವಾಗಿ ಮೊದಲು ಕಾಲು ಬಾತುಕೊಳ್ಳುತ್ತದೆ. ಅದಕ್ಕೇ ದಿನವೂ ಕಾಲು ಮುಟ್ಟಿ ನೋಡಬೇಕೆಂದು ಡಾಕ್ಟರ್ ಹೇಳಿದ್ದರು. ನೋಡಬೇಕಾಗಿದ್ದವಳು ನರ್ಸ್ ಜಿಷಾ.

"ನೋಡಿದಿರಾ?" ಅಜೀಶ್ ಕೇಳಿದರು.

"ದಿನಾ ಕೇಳಿದ್ದೇನೆ ಸರ್, ಕಾಲಿಗೆ ನೀರುಂಡೋ ಅಂತ. ತಾಯಿ ಇಲ್ಲ ಅಂದಳು."

"ಕೇಳಿದ್ದು ಬೇಡ. ನೋಡಿದಿರಾ?"

"ನೋಡಿದೆ."

ಅಜೀಶ್ ಮಾತಿಯನ್ನು ಕರೆಸಿ, ಮಲಯಾಳದಲ್ಲೇ ಆ ಪ್ರಶ್ನೆ ಕೇಳಿದರು.

"ನೀರಿಲ್ಲೆ, ಸಾರೇ. ದಿನಾ ಕೈ ಇಟ್ಟು ನೋಡ್ದೆ. ಕಾಲೂ ಒಣಗಿತ್ತು, ಹಾಸಿಗೆನೂ ಒಣಗಿತ್ತು."

ತಾಯಿಯೇ ಇಲ್ಲ ಎಂದ ಮೇಲೆ ಇನ್ನೇನಿದೆ, ಕೇಸು ಮುಗಿಯಿತು ಎಂದುಕೊಂಡರು ಅಜೀಶ್. ಹೇಳಿಕೆ ಬರೆದುಕೊಳ್ಳುತ್ತಿದ್ದ ಕಾನ್‌ಸ್ಟೆಬಲ್ ಅಖಿಲ ಮಾತ್ರ ಪೆನ್ನು ನಿಲ್ಲಿಸಿದಳು. ಅವಳ ಮನೆಮಾತು ಕನ್ನಡ. ಮಲಯಾಳದಲ್ಲಿ ನೀರು ಎಂದರೆ ಬಾವು, ಉಂಡೋ ಎಂದರೆ ಇದೆಯೇ. ಮಾತಿಯ ಹಾಡಿಯ ಮಾತಿನಲ್ಲಿ, ಕನ್ನಡದಂತೆಯೇ, ನೀರು ಎಂದರೆ ನೀರೇ.

"ಅಕ್ಕಾ, ಬಾವು ಇತ್ತಾ?"

"ಬಾವಾ? ತೊಡೆ ಈಸು ದಪ್ಪ ಆಗಿತ್ತು." ಮಾತಿ ಎರಡೂ ಕೈ ಅಗಲಿಸಿದಳು. "ಔಸ್ದಿ ಹಿಡೀತು, ಕೂಸು ಮೈ ತುಂಬ್ಕತಾ ಅದೆ ಅಂದ್ಕಂಡೆ."

"ಸಿಸ್ಟರ್ ಕಂಬಳಿ ತೆಗೆದು ನೋಡ್ಲಿಲ್ವಾ?"

"ಮೊದ್ಲ ಎಲ್ಡು ದಿನ ಅಷ್ಟೆ. ಆಮ್ಯಾಕೆ ಬಾಗ್ಲಲ್ಲೇ ನಿಂತು ಕೇಳೋರು."

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ಇಲ್ಲಿ ನೋಡಬೇಕಾದವರು ಪ್ರತ್ಯಕ್ಷವನ್ನೇ ನೋಡಿರಲಿಲ್ಲ. ಒಂದು ರೀತಿಯಲ್ಲಿ ತಾನೂ ಬಾಗಿಲಲ್ಲಿ ನಿಂತು ಕೇಳಿದವನೇ ಎಂದು ಅಜೀಶ್‌ಗೆ ನಾಚಿಕೆಯಾಯಿತು.

ಸಿಸ್ಟರ್ ಬಾಗಿಲಲ್ಲೇ ನಿಂತು ಕೇಳುತ್ತಿದ್ದರು ಎಂದು ಪಕ್ಕದ ಹಾಸಿಗೆಯ ಮಗುವಿನ ತಾಯಿಯೂ ಹೇಳಿದಳು. ತಜ್ಞ ವೈದ್ಯರ ಮಂಡಳಿ ನಿರ್ಲಕ್ಷ್ಯವೆಂದು ಅಭಿಪ್ರಾಯ ಕೊಟ್ಟಿತು. ಮರುತಿಂಗಳು ಜಿಷಾಳ ಬಂಧನವಾಯಿತು. ಈ ಸಲ ಅವಳು ಸುಳ್ಳು ಹೇಳಲಿಲ್ಲ.

"ಮುಟ್ಟಿದರೆ ಚೀರುತ್ತಿದ್ದಳು ಸರ್. ಆ ಚೀರಾಟ ನನಗೆ ತಡೆಯಲಾಗುತ್ತಿರಲಿಲ್ಲ. ತಾಯಿ ಇಲ್ಲ ಅಂದರೆ ಸಾಕಪ್ಪಾ ಅನಿಸುತ್ತಿತ್ತು."

ಮಗುವನ್ನು ಚೀರಿಸುತ್ತಿದ್ದದ್ದು ಆ ಹೆಪ್ಪಿನ ನೋವೇ. ಕಲ್ಲು ಮನಸ್ಸಿನವಳಾಗಿದ್ದರೆ ಚೀರಿಸಿಯಾದರೂ ನೋಡುತ್ತಿದ್ದಳೇನೋ.

ಸಂಜೆ ಅಜೀಶ್ ಅಖಿಲಳೊಂದಿಗೆ ಹಾಡಿಗೆ ಹೋಗಿ ಎಲ್ಲವನ್ನೂ ತಿಳಿಸಿದರು. ಮಾತಿ ತನ್ನ ಅಂಗೈ ನೋಡಿಕೊಂಡಳು.

"ನಾನು ಇಲ್ಲ ಅಂದಿದ್ಕೇ ಸತ್ತೋದ್ಲಾ?"

"ಇಲ್ಲಮ್ಮಾ. ಕಾಲು ನೋಡಬೇಕಾಗಿದ್ದದ್ದು ಅವರು."

"ನಾನು ದಿನಾ ನೋಡಿದ್ನಲ್ಲ, ಸಾರೇ," ಎಂದಳು ಮಾತಿ.