ನಿಂಬೆ ತೋಟದ ಪಾಲಿನ ನೀರು

"ವಾಲ್ವ್ ಮೇಲಿಂದ ಕೈ ತೆಗೀರಿ."

ಈ ಮಾತನ್ನು ಅವಳು ಮನೆಯಿಂದಲೇ ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಬಾವಿ ಒಂದು, ಮೋಟರ್ ಒಂದು, ವಾಲ್ವ್ ಒಂದು. ಹಿಡಿಯನ್ನು ಎಡಕ್ಕೆ ತಿರುಗಿಸಿದರೆ ನೀರು ದೊಡ್ಡಮ್ಮನ ತರಕಾರಿ ತೋಟಕ್ಕೆ, ಬಲಕ್ಕೆ ತಿರುಗಿಸಿದರೆ ಪಕ್ಕದ ನಿಂಬೆ ತೋಟಕ್ಕೆ. ಒಂದು ದಿನ ಇವರ ಸರದಿ, ಮರುದಿನ ಅವರದು.

ಇವತ್ತು ನಿಂಬೆ ತೋಟದ ಸರದಿ ಎಂಬುದು ಅವಳಿಗೂ ಗೊತ್ತಿತ್ತು. ಆದರೆ ಮಂಡಿನೋವೆಂದು ದೊಡ್ಡಮ್ಮ ಕುರ್ಚಿ ಹಿಡಿದ ಮೇಲೆ ತರಕಾರಿಯ ಹೊಣೆ ಅವಳ ತಲೆಗೆ ಬಂದಿತ್ತು. ಸೌತೆಬಳ್ಳಿಗಳು ಬಾಡಿ ನಿಂತಿದ್ದವು. ಜಗಳಕ್ಕೆ ಅಷ್ಟು ಸಾಕಿತ್ತು.

ನಿಂಬೆ ತೋಟದವನು ಕೈ ತೆಗೆದ. "ತಗೊಳ್ಳಿ. ನನಗೆ ಬೇಡ."

"ಬೇಡ ಅಂದ್ರೆ?"

"ಬೇಡ ಅಂದ್ರೆ ಬೇಡ. ನಾನು ಹೇಳೋವರೆಗೂ ನನ್ನ ಸರದಿನೂ ನೀವೇ ಬಿಟ್ಕೊಳ್ಳಿ."

ಅಷ್ಟು ಹೇಳಿ, ತನ್ನ ತೋಟದ ಹಣ್ಣನ್ನೇ ಕಚ್ಚಿದವನ ಹಾಗೆ ಮುಖ ಮಾಡಿಕೊಂಡು ಹೊರಟುಬಿಟ್ಟ. ಕಟ್ಟಿಕೊಂಡು ಬಂದಿದ್ದ ಜಗಳವನ್ನು ಈಗ ಎಲ್ಲಿ ಇಳಿಸುವುದು? ಅವಳು ವಾಲ್ವನ್ನೇ ಗದರಿಸಿ ಎಡಕ್ಕೆ ತಿರುಗಿಸಿದಳು. ಅವನಿಗೆ ಹುಳಿಮೋರೆ ಎಂದು ಹೆಸರಿಟ್ಟಳು, ಮನಸ್ಸಿನಲ್ಲೇ.

ವಿಷಯ ಕೇಳಿ ದೊಡ್ಡಮ್ಮ ಬೀನ್ಸ್ ನಾರು ಬಿಡಿಸುವುದನ್ನು ನಿಲ್ಲಿಸಿದರು.

"ಬೇಸಿಗೇಲಿ ನೀರು ಬಿಟ್ಟುಕೊಟ್ನಾ? ಅವನಾ? ಒಂದು ಕೊಡ ಜಾಸ್ತಿ ಹೋದ್ರೆ ಬಾಗಿಲಿಗೆ ಬಂದು ನಿಲ್ತಿದ್ದ. ಇದು ನೀರಿನ ವಿಷಯ ಅಲ್ಲ ಬಿಡಮ್ಮ."

"ಮತ್ತೆ ಇನ್ಯಾವ ವಿಷಯ?"

"ನಾನ್ಯಾಕೆ ಹೇಳ್ಲಿ? ನಂಗೆ ಮಂಡಿನೋವು."

ಆಮೇಲೆ ಅವಳ ಕಣ್ಣು ಸುಮ್ಮನಿರಲಿಲ್ಲ. ಒಂದು ದಿನ ಅವನು ಬೇಲಿಯಾಚೆಯಿಂದ, "ಬಳ್ಳಿ ಮಧ್ಯಾಹ್ನ ಬಾಡಿದ್ರೆ ಅದು ಬಿಸಿಲಿಗೆ. ಬೆಳಿಗ್ಗೆನೂ ಬಾಡಿದ್ರೆ ಮಾತ್ರ ನೀರು ಬಿಡಿ," ಎಂದ. ಅವಳಿಗೆ ಅದರಲ್ಲಿ ನೀರಿನ ಮಾತೇ ಕೇಳಿಸಲಿಲ್ಲ. 'ನನ್ನ ಬಳ್ಳಿಗಳನ್ನ ಬೆಳಿಗ್ಗೆನೂ ನೋಡ್ತಾನೆ, ಮಧ್ಯಾಹ್ನನೂ ನೋಡ್ತಾನೆ...' ಎಂದುಕೊಂಡು ರಾತ್ರಿ ಊಟ ಮರೆತಳು.

ಆದರೆ ಸೌತೆಕಾಯಿ ಮೈ ತುಂಬಿಕೊಂಡಂತೆಲ್ಲ ಅತ್ತ ನಿಂಬೆ ಗಿಡಗಳು ಸೊರಗಿದವು. ಎಲೆಗಳು ಮುದುಡಿದವು, ಹಳದಿಯಾದವು, ಉದುರತೊಡಗಿದವು.

'ನನಗೋಸ್ಕರ ತೋಟವನ್ನೇ ಒಣಗಿಸ್ತಿದ್ದಾನಲ್ಲ... ಹೀಗೂ ಪ್ರೀತಿಸ್ತಾರಾ?'

ಅವಳಿಗೆ ಕಣ್ಣು ತುಂಬಿ ಬಂತು. ಅವನು ಸಂತೆಗೆ ಹೋದ ಬೆಳಿಗ್ಗೆ ನೇರ ಬಾವಿಗೆ ಹೋಗಿ ವಾಲ್ವನ್ನು ಬಲಕ್ಕೆ ತಿರುಗಿಸಿದಳು. ಮೊದಲ ಸಾಲುಗಳ ಬುಡ ತುಂಬಿತು. "ಕುಡೀರಿ ಪಾಪ," ಎಂದು ಗಿಡಗಳ ಬೆನ್ನು ಸವರುತ್ತಿರುವಾಗ ಅವನು ಬಂದ.

"ಯಾರು ನೀರು ಬಿಟ್ಟಿದ್ದು?"

"ನಾನೇ. ಸಾಕು ನಿಮ್ಮ ತ್ಯಾಗ. ನಿಮ್ಮ ಮನಸ್ಸು ನನಗೆ ಅರ್ಥವಾಗಿದೆ."

"ಯಾವ ತ್ಯಾಗ?"

ಅವನು ಓಡಿಹೋಗಿ ನೀರು ನಿಲ್ಲಿಸಿ ಬಂದು ಬದುವಿನ ಮೇಲೆ ಕುಸಿದು ಕೂತ. "ನಿಂಬೆ ಒಟ್ಟಿಗೆ ಹೂ ಬಿಡಬೇಕಾದ್ರೆ ಬಾಯಾರಬೇಕು ಕಣ್ರೀ. ಎಲೆ ಬಾಡೋವರೆಗೂ ನೀರು ನಿಲ್ಸಿ, ಆಮೇಲೆ ಬಿಡಬೇಕು. ಈ ವರ್ಷ ಮೊದಲ ಸಲ ಮಾಡಿ ನೋಡ್ತಿದ್ದೆ. ಇನ್ನು ಈ ಸಾಲುಗಳು ಬರೀ ಚಿಗುರ್ತವೆ."

"ಹಾಗಾದ್ರೆ ನನಗೆ ನೀರು ಕೊಟ್ಟಿದ್ದು..."

"ನನಗೆ ಬೇಡವಾಗಿತ್ತು. ಹೇಳಿದ್ನಲ್ಲ."

ಭೂಮಿ ಬಾಯ್ಬಿಡಬಾರದೇ ಎನ್ನಿಸಿತು ಅವಳಿಗೆ. ಬಾಯ್ಬಿಡಲು ಅದೇನು ಒಣಗಿತ್ತೇ? ಅವಳೇ ಚೆನ್ನಾಗಿ ನೆನೆಸಿದ್ದಳು.

ಆಮೇಲೆ ಅವಳು ಅವನ ನೆರಳು ಕಂಡರೂ ಅವರೆ ಚಪ್ಪರದ ಹಿಂದೆ ಸರಿಯುತ್ತಿದ್ದಳು. ಪ್ರೀತಿಗಿದ್ದ ಕಾರಣ ಸುಳ್ಳಾಗಿತ್ತು, ಪ್ರೀತಿ ಮಾತ್ರ ಜಾಗ ಬಿಟ್ಟು ಕದಲಲಿಲ್ಲ. ಮುಂದೆ ಅವನು ತನ್ನ ಸರದಿಯ ನೀರು ಬಿಟ್ಟುಕೊಂಡ. ತೋಟವೆಲ್ಲ ಬೆಳ್ಳಗೆ ಹೂವಾಯಿತು. ಬಾವಿಯ ಪಕ್ಕದ ಸಾಲುಗಳು ಮಾತ್ರ ಹಸಿರು ಎಲೆ ಹೊತ್ತು ಅವಳ ಮಾನ ಕಳೆಯುತ್ತ ನಿಂತವು. ಅವನಾದರೂ ಬೈದಿದ್ದರೆ ಚೆನ್ನಾಗಿತ್ತು ಎಂದು ಅವಳು ಅತ್ತಳು.

ನಿಂಬೆ ಬಟಾಣಿ ಗಾತ್ರಕ್ಕೆ ಬಂದಾಗ ಬಿಸಿಲೇರಿತು. ಬಾವಿ ತಳ ಕಂಡಿತು. ಒಂದು ದಿನದ ನೀರು ಒಂದು ತೋಟಕ್ಕೂ ಸರಿಯಾಗಿ ಸಾಲುತ್ತಿರಲಿಲ್ಲ. ಹಿಂದಿನ ಸಂಜೆಯಷ್ಟೇ ಅವಳು ಟೊಮೆಟೊ ಸಸಿ ನಾಟಿ ಮಾಡಿದ್ದಳು. ಆದರೆ ಸರದಿ ಅವನದು. ಅವಳು ಸುಮ್ಮನೆ ಬಾವಿಯ ಕಡೆ ಬಂದು ನೋಡಿದರೆ ಹಿಡಿ ಎಡಕ್ಕೆ ತಿರುಗಿತ್ತು.

ಅವಳು ಬಲಕ್ಕೆ ತಿರುಗಿಸಿದಳು. ಗಿಡದ ಮರೆಯಿಂದ ಅವನು ಬಂದು ಮತ್ತೆ ಎಡಕ್ಕೆ ತಿರುಗಿಸಿದ.

"ವಾಲ್ವ್ ಮೇಲಿಂದ ಕೈ ತೆಗೀರಿ," ಎಂದಳು ಅವಳು. "ಇವತ್ತು ನಿಮ್ಮ ಸರದಿ. ನೀರು ತಪ್ಪಿದ್ರೆ ಕಾಯಿ ಉದುರುತ್ತೆ."

"ಒಂದಷ್ಟು ಉದುರಲಿ. ನಿಮ್ಮ ಸಸಿ ಸಂಜೆವರೆಗೆ ಬದುಕಲ್ಲ."

"ಮತ್ತೆ ನಿಂಬೆನ ಬಾಯಾರಿಸ್ತಿದ್ದೀರಾ? ಮೊದಲೇ ಹೇಳ್ಬಿಡಿ. ಇನ್ನೊಂದ್ಸಲ ನಾನು ಬೇಸ್ತು ಬೀಳಲ್ಲ."

ಅವನ ಕಿವಿ ಕೆಂಪಾದವು.

"ಆಗ ನನಗೆ ಬೇಡವಾಗಿತ್ತು, ಕೊಟ್ಟೆ. ಅದು ತ್ಯಾಗ ಅಲ್ಲ. ಇವತ್ತು ನನಗೆ ಬೇಕು... ಆದ್ರೂ ಕೊಡ್ತಿದ್ದೀನಿ. ಇದಕ್ಕೇನಂತಾರೆ ನೀವೇ ಹೇಳಿ. ಆವತ್ತು ನನ್ನ ಮನಸ್ಸು ಅರ್ಥವಾಗಿದೆ ಅಂದಿದ್ರಲ್ಲ."

ಅವಳು ಹಿಡಿಯನ್ನು ಬಲಕ್ಕೆ ಎಳೆದಳು. ಅವನು ಅವಳ ಕೈಯ ಮೇಲೆ ಕೈಯಿಟ್ಟು ಎಡಕ್ಕೆ ಎಳೆದ. ಹಿಡಿ ನಡುವೆ ನಿಂತಿತು, ಪೈಪಿನ ಸಂದಿಯಿಂದ ನೀರು ಚಿಮ್ಮಿ ಇಬ್ಬರನ್ನೂ ತೋಯಿಸಿತು.

"ಇಬ್ರೂ ಮದುವೆ ಆಗಿ ಮುಗಿಸ್ರಪ್ಪಾ," ಬೇಲಿಯ ಬಳಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು ದೊಡ್ಡಮ್ಮ. ಮಂಡಿನೋವು ಎಲ್ಲಿ ಹೋಗಿತ್ತೋ. "ನೀರು ಪೋಲಾಗ್ತಿದೆ."

ಅವಳು ನಗುತ್ತ, ಅಳುತ್ತ, ಹಿಡಿಯನ್ನು ಎಡಕ್ಕೆ ಬಿಟ್ಟಳು. ಟೊಮೆಟೊ ಸಾಲಿನತ್ತ ನೀರು ಹರಿಯಿತು. ಅವನ ಕೈ ಅಲ್ಲೇ ಇತ್ತು.

"ಕೈ ತೆಗೀಲಾ?" ಅವನು ಮೆಲ್ಲಗೆ ಕೇಳಿದ.

"ಬೇಡ."

"ಬೇಡ ಅಂದ್ರೆ?"

"ಬೇಡ ಅಂದ್ರೆ ಬೇಡ," ಎಂದಳು ಅವಳು.