ಕಮಾನಿನಾಚೆಯ ತುತ್ತು

ಆಫೀಸಿಗೆ ಓಡುವವರ ಬೂಟಿನ ಸದ್ದು ಶಿಂಬಾಶಿಯ ಆ ಓಣಿಯವರೆಗೆ ಬರುತ್ತಿರಲಿಲ್ಲ. ಎರಡು ಗಾಜಿನ ಕಟ್ಟಡಗಳ ನಡುವೆ ಅಂಗೈಯಗಲದ ಅಂಗಳ, ಗುಡಿಯ ಪ್ರವೇಶಕ್ಕೆ ಕೆಂಪು ‘ತೋರಿ’ ಕಮಾನು, ಒಳಗೆ ಇನಾರಿ ದೇವರು, ಕಾವಲಿಗೆ ಕಲ್ಲಿನ ನರಿಗಳು. ಪೂಜಾರಿಯ ಮಗಳು ಚಿಜುರು ಹಳದಿ ಎಲೆಗಳನ್ನು ಗುಡಿಸುತ್ತಿದ್ದಳು. ಗುಡಿಸುವುದೇನು, ಪೊರಕೆಯಿಂದ ಬಾರಿಸುತ್ತಿದ್ದಳು.

ಸಿಟ್ಟೆಲ್ಲ ಕಮಾನಿನ ಆಚೆ ನಿಂತ ಶೂಹೇ ನಿಶಿದಾನ ಮೇಲೆ. ಪಕ್ಕದ ಬೀದಿಯ ಕನ್ನಡಕದ ಅಂಗಡಿಯವನು. ದಿನಾ ಬೆಳಿಗ್ಗೆ ಬಂದು, ಚಪ್ಪಾಳೆ ತಟ್ಟಿ, ಬಾಗಿ, ದೇವರಿಗಿಂತ ಹೆಚ್ಚು ಹೊತ್ತು ಅವಳನ್ನೇ ನೋಡಿ ಹೋಗುತ್ತಿದ್ದ. ಈಚೆಗೆ ಕಮಾನು ದಾಟುವುದೇ ಇಲ್ಲ. ಆಚೆಯೇ ನಿಂತು ಕಣ್ಣು ತಗ್ಗಿಸಿ ಹೊರಟುಬಿಡುತ್ತಾನೆ.

ಇವತ್ತು ಮಧ್ಯಾಹ್ನ ನಾರಾದಿಂದ ಅವಳನ್ನು ನೋಡಲು ಗಂಡು ಬರುವುದಿತ್ತು. ಮನೆಯಳಿಯನಾಗಿ ಗುಡಿಯನ್ನೂ ವಹಿಸಿಕೊಳ್ಳುವವನು. ಆ ಸುದ್ದಿ ಕೇಳಿಯೇ ಇವನು ಹಿಂಜರಿದನೆಂದು ಅವಳು ನಂಬಿದ್ದಳು.

"ನಿಶಿದಾ ಅವರೇ, ನರಿ ಕಚ್ಚುತ್ತೆ ಅಂತ ಭಯಾನಾ?"

"ನರಿಗೇನೂ ಹೆದರೋದಿಲ್ಲ."

"ಮತ್ತೆ ನನಗಾ?"

ಅವನು ನಗಲಿಲ್ಲ. "ಅಮ್ಮ ಹೋಗಿಬಿಟ್ರು. ಐವತ್ತು ದಿನ ಆಗೋವರೆಗೆ ಈ ಕಮಾನು ದಾಟೋ ಹಾಗಿಲ್ವಲ್ಲ. ನಿಮಗೆ ಅರ್ಥ ಆಗಿರುತ್ತೆ ಅಂದ್ಕೊಂಡೆ."

ಸೂತಕ! ಬಂದವರಿಗೆಲ್ಲ ಸೂತಕದ ನಿಯಮ ಹೇಳುವ ಮನೆಯಲ್ಲಿ ಹುಟ್ಟಿಯೂ ಅವಳಿಗೆ ಅದು ಹೊಳೆದಿರಲಿಲ್ಲ. ನಾಚಿಕೆಗೆ ಕಿವಿ ಬಿಸಿಯಾಯಿತು. ಅವನು ಎಷ್ಟು ಬಡವಾಗಿದ್ದಾನೆಂದು ಈಗ ಕಂಡಿತು.

"ಕೈ ಮುಗಿಯೋ ಹಾಗೂ ಇಲ್ಲ, ಮತ್ಯಾಕೆ ದಿನಾ ಬರ್ತೀರಿ?"

"ನಾನು ದೇವರಿಗೋಸ್ಕರ ಬಂದಿದ್ದು ಯಾವತ್ತು?"

ಚಿಜುರು ಗುಡಿಸುವುದನ್ನು ನಿಲ್ಲಿಸಿದಳು. ಅವನ ಕೈಯಲ್ಲೊಂದು ಪೊಟ್ಟಣವಿತ್ತು.

"ಏನದು?"

"ಕರಿದ ತೋಫು ಒಳಗೆ ಅನ್ನ ತುಂಬಿದ್ದು. ಅಮ್ಮ ಕಲಿಸಿದ್ದು. ಅಭ್ಯಾಸಬಲ, ಮಾಡಿಬಿಟ್ಟೆ. ದೇವರಿಗೆ ಇಡೋ ಹಾಗಿಲ್ಲ."

"ಹಾಗಾದ್ರೆ ನನಗೆ ಕೊಡಿ."

"ಬೇಡ! ಸೂತಕದವರ ಕೈಯದು..."

ಅವಳು ಪೊರಕೆ ಹಿಡಿದೇ ಕಮಾನು ದಾಟಿ ಬಂದು, ಅವನ ಕೈಯಿಂದಲೇ ಒಂದನ್ನು ಎತ್ತಿ ಬಾಯಿಗಿಟ್ಟಳು. ಸಿಹಿ ಸ್ವಲ್ಪ ಜಾಸ್ತಿಯಾಗಿತ್ತು. ಪೂರ್ತಿ ತಿಂದಳು.

"ಚಿಜುರು!" ಗುಡಿಯ ಮೆಟ್ಟಿಲ ಮೇಲೆ ಅಪ್ಪ ನಿಂತಿದ್ದರು. "ಬುದ್ಧಿ ನೆಟ್ಟಗಿದೆಯೇನೇ? ಸೂತಕದವನ ಕೈಯಿಂದ ತಿಂದು ಗುಡಿ ಒಳಗೆ ಹೇಗೆ ಬರ್ತೀಯ? ನಾರಾದವರು ಆಗಲೇ ರೈಲು ಹತ್ತಿದಾರೆ!"

"ಬರೋದಿಲ್ಲ ಅಪ್ಪ. ನಿಯಮ ನೀವೇ ಕಲಿಸಿದ್ದಲ್ವಾ? ಇನ್ಮೇಲೆ ಇವರ ಸೂತಕ ನನಗೂ ಇದೆ. ಅದು ಕಳೆಯೋವರೆಗೆ ಸೋದರತ್ತೆ ಮನೇಲಿರ್ತೀನಿ."

"ಅವರಿಗೆ ನಾನು ಏನು ಹೇಳಲಿ?"

"ಇದನ್ನೇ ಹೇಳಿ. ಹುಡುಗಿ ಕಮಾನಿನ ಆಚೆ ಹೋದಳು ಅಂತ."

ಚಿಜುರು ಪೊರಕೆಯನ್ನು ಕೆಂಪು ಕಂಬಕ್ಕೆ ಒರಗಿಸಿ, ಅಪ್ಪನಿಗೆ ಆಳವಾಗಿ ಬಾಗಿದಳು.

"ಸೂತಕ ಕಳೆದ ದಿನ ಬಾಗಿಲು ತೆರೆದಿಡಿ, ಅಪ್ಪ. ಇಬ್ಬರೂ ಒಟ್ಟಿಗೆ ಬರ್ತೀವಿ."

ಆಮೇಲೆ ಶೂಹೇಯ ಕಡೆ ಕೈ ಚಾಚಿದಳು. "ಇನ್ನೊಂದು ಕೊಡು, ಶೂಹೇ. ಹಸಿವಾಗ್ತಿದೆ."

ಅವಳು ಅವನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು.